ಜೂನ್ ಒಂದರಂದು ಹುಟ್ಟಿದ ಡಬ್ಬಿ

ಇವರಿಗೆ,
ಯಂತ್ರಗಳ ಆಯುಷ್ಯ ನಿರ್ಧರಿಸುವ ವಿಭಾಗದ ಮುಖ್ಯಸ್ಥರು,
ನಮ್ಮ ಡಬ್ಬಿಯನ್ನು ತಯಾರಿಸಿ ಮರೆತ ಕಂಪನಿ

ಮಾನ್ಯರೇ,

ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಬ್ಯಾಡಗಿಯ ನಮ್ಮ ಅಭ್ಯಾಸ ಕೊಠಡಿಯಲ್ಲಿ ಗಟ್ಟಿಯಾಗಿ ಓದುತ್ತಿರುವುದರಿಂದ, ಮೊದಲ ನಮಸ್ಕಾರ ಇಲ್ಲಿ ನೆರೆದಿರುವ ಮಕ್ಕಳಿಗೆ ಹಾಗೂ ಪಾಲಕರಿಗೆ. ಎರಡನೆಯದು, ತಮ್ಮ ಮೆಣಸಿನಕಾಯಿ ಗೋದಾಮಿನ ಮಹಡಿಯನ್ನು ನಮಗೆ ಬಿಟ್ಟುಕೊಟ್ಟ ಹಿರಿಯರಾದ ಹೊನ್ನವ್ವನವರಿಗೆ. ಅವರ ಉಪಕಾರ ನೆನೆದಾಗಲೆಲ್ಲ ನಮ್ಮ ಕಣ್ಣು ತುಂಬುತ್ತದೆ. ಕೆಳಗೆ ಚೀಲ ಬಿಚ್ಚಿದಾಗಲಂತೂ ತಪ್ಪದೆ ತುಂಬುತ್ತದೆ. ಮೂರನೆಯ ನಮಸ್ಕಾರ ತಮಗೆ.

ಕಡತಗಳನ್ನು ಕೂಡಿಟ್ಟು ಕೊಠಡಿಯ ಎಲ್ಲ ಮೊಬೈಲುಗಳಿಗೆ ಹಂಚುವ ತಮ್ಮ ಪೆಟ್ಟಿಗೆಯನ್ನು ನಾವು ಡಬ್ಬಿ ಎಂದೇ ಕರೆಯುತ್ತೇವೆ. ಅದರೊಳಗೆ ದ್ರಾಕ್ಷಾಯಿಣಿ ಅಕ್ಕೋರು ಮಾಡಿದ ಹತ್ತನೆಯ ತರಗತಿಯ ಗಣಿತದ ಪಾಠಗಳಿವೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅಕ್ಕೋರು ಮಾತನಾಡಲಾರರು, ಹೇಳಬೇಕಾದುದನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಾರೆ. ಅವರ ಧ್ವನಿ ಉಳಿದಿರುವುದು ತಮ್ಮ ಡಬ್ಬಿಯಲ್ಲಿ ಮಾತ್ರ. ಆ ಧ್ವನಿ ಕೇಳಲೆಂದೇ ಐರಣಿ, ಮೇಡ್ಲೇರಿಯ ಮಕ್ಕಳು ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬರುತ್ತಾರೆ.

ಹೀಗಿರಲು, ತಾವು ಕಳುಹಿಸಿದ ಕಟ್ಟಕಡೆಯ ಪರಿಷ್ಕರಣೆಯ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಅದನ್ನು ಹಾಕಿಕೊಂಡ ಮರುಗಳಿಗೆಯಿಂದ ಡಬ್ಬಿ, ಬಾಗಿಲು ತೆರೆಯಲು ತಮ್ಮ ಕಂಪನಿಯ ಅಪ್ಪಣೆ ಬೇಕೆನ್ನುತ್ತದೆ; ತಮ್ಮ ಕಂಪನಿಯನ್ನು ಕೇಳಿದರೆ, ಅಂಥ ಡಬ್ಬಿ ತನ್ನ ಪಟ್ಟಿಯಲ್ಲೇ ಇಲ್ಲವೆನ್ನುತ್ತದೆ. ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ತಮ್ಮ ಗುಪ್ತಲಿಪಿಯ ಹೊರತು ಏನೂ ಕಾಣುವುದಿಲ್ಲ. ಫ್ಯಾನು ತಿರುಗುತ್ತಿದೆ, ದೀಪ ಮಿನುಗುತ್ತಿದೆ, ಆದರೂ 'ಈ ಸಾಧನದ ಜೀವಿತಾವಧಿ ಮುಗಿದಿದೆ' ಎಂಬ ಸಂತಾಪ ಸೂಚನೆ ಬಂದಿದೆ. ಅದರ ಕೆಳಗೆ ಹೊಸ ಡಬ್ಬಿಯ ಮೇಲೆ ರಿಯಾಯಿತಿ. ಉಸಿರಾಡುತ್ತಿರುವವನ ಮನೆಗೆ ಬಂದು, ಕಣ್ಣೊರೆಸಿಕೊಳ್ಳುತ್ತಲೇ ಬದಲಿ ಯಜಮಾನನ ಚಿತ್ರ ತೋರಿಸುವ ಈ ಸೌಜನ್ಯವನ್ನು ನಮ್ಮ ಕಡೆ ಇನ್ನೂ ಯಾರೂ ಕಲಿತಿಲ್ಲ.

ಹಾವೇರಿಯಲ್ಲಿರುವ ತಮ್ಮ ಮಾರಾಟಗಾರರು ಡಬ್ಬಿಯ ಮುಚ್ಚಳವನ್ನೂ ತೆರೆಯದೆ, "ಇದರ ಕಥಿ ಮುಗದೈತ್ರಿ ಸರ, ಹೊಸಾದು ತಗೊಂಡ್ಬಿಡ್ರಿ" ಎಂದು ಸಮಾಧಾನ ಹೇಳಿದರು. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಜಾತಿಯ ಮೆಣಸಿನಕಾಯಿಯ ವ್ಯಾಪಾರದಲ್ಲೇ ಕೂದಲು ನೆರೆಸಿದ ಹೊನ್ನವ್ವನವರು ಇದನ್ನು ಕೇಳಿ, "ನಮ್ಮ ಡಬ್ಬಿ ತಂಪಿನ್ಯಾಗಿಟ್ರ ಮುಂದಿನ ವರ್ಷಕ್ಕೂ ಬಣ್ಣ ಬಿಡೂದಿಲ್ರಿ ಮಾಸ್ತರ; ನಿಮ್ಮ ಡಬ್ಬಿ ಯಾವ ಹೊಲದ್ದು?" ಎಂದು ಕೇಳಿದ್ದಾರೆ. ದಯಮಾಡಿ ಉತ್ತರವನ್ನು ತಾವೇ ಅವರಿಗೆ ನೇರವಾಗಿ ಬರೆಯಬೇಕು, ನನಗೆ ಧೈರ್ಯವಿಲ್ಲ.

ನಮ್ಮ ಕೊಠಡಿಯಲ್ಲೇ ಓದಿ, ಈಗ ಡಿಪ್ಲೊಮಾ ಮಾಡುತ್ತಿರುವ ಐರಣಿಯ ಭುವನಾ ಒಂದು ಸಂಗತಿಯನ್ನು ಪತ್ತೆಹಚ್ಚಿದ್ದಾಳೆ. ತಮ್ಮ ಹೊಸ ಮಾದರಿಯ ಹೊಟ್ಟೆಯೊಳಗಿರುವುದು ನಮ್ಮ ಹಳೆಯ ಡಬ್ಬಿಯ ಕರುಳೇ; ಬದಲಾಗಿರುವುದು ಮುಚ್ಚಳದ ಬಣ್ಣ ಮತ್ತು ಹೆಸರಿನ ಅಂಕಿ. ಹೊಸದನ್ನು ನಡೆಸುವ ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ಮೂಲ ತಂತ್ರಾಂಶ, ತಮ್ಮ ಅಪ್ಪಣೆ ಕೇಳದೆ ಬಾಗಿಲು ತೆರೆಯುತ್ತದೆ. ಹಳೆಯದು ತನ್ನ ಹೆಸರು ಹೇಳುವ ಒಂದೇ ಒಂದು ಸಾಲನ್ನು ತಿದ್ದಿ ಹೊಸದರ ಹೆಸರು ಹೇಳಿಸಿದರೆ ಆ ತಂತ್ರಾಂಶ ಇದರಲ್ಲೂ ನಡೆಯುತ್ತದೆ. ಆಗ ಮೇಡ್ಲೇರಿಯ ಹುಲಿಗೇಶ, "ಸರ, ಇದು ಸುಳ್ಳ ಹೇಳಿಸಿದಂಗ ಆಗೂದಿಲ್ಲೇನ್ರಿ?" ಎಂದು ಕೇಳಿದ. ಅವನ ಪ್ರಶ್ನೆ ನನಗೆ ಹೆಮ್ಮೆ ತಂದಿತು. ಒಂದೇ ಹೊಟ್ಟೆಗೆ ಎರಡು ಹೆಸರಿಟ್ಟು ಎರಡು ಬೆಲೆ ಕಟ್ಟಿದ ತಮ್ಮನ್ನೂ ಯಾರಾದರೂ ಚಿಕ್ಕಂದಿನಲ್ಲಿ ಹೀಗೆ ಕೇಳಬೇಕಿತ್ತೆನಿಸಿತು.

ಮಾನ್ಯರೇ, ನಮ್ಮ ತಲೆಮಾರಿನವರನ್ನು ಶಾಲೆಗೆ ಸೇರಿಸುವಾಗ ತಾಯಂದಿರು, "ಸೀಗಿ ಹುಣ್ಣಿವಿ ಮುಂದ ಹುಟ್ಯಾನ್ರಿ" ಎನ್ನುತ್ತಿದ್ದರು. ಮಾಸ್ತರರು ತಲೆಯಾಡಿಸಿ ಎಲ್ಲರ ಹೆಸರಿನ ಮುಂದೆಯೂ ಜೂನ್ ಒಂದು ಎಂದು ಬರೆಯುತ್ತಿದ್ದರು. ಹೀಗೆ ಒಂದೇ ದಿನ ಹುಟ್ಟಿದ ನಾವೆಲ್ಲರೂ ಒಂದೇ ದಿನ, ಮೇ ಮೂವತ್ತೊಂದಕ್ಕೆ ನಿವೃತ್ತರಾಗಿ, ಹಾವೇರಿಯಲ್ಲಿ ಏಲಕ್ಕಿ ಹಾರಗಳ ಅಭಾವ ಉಂಟುಮಾಡಿದೆವು. ಆದರೂ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ 'ಬದುಕಿದ್ದೇನೆ' ಎಂದು ಸಹಿ ಹಾಕಿದರೆ ಸರಕಾರ ನಂಬಿ ಪಿಂಚಣಿ ಕೊಡುತ್ತದೆ. ನಮ್ಮ ಡಬ್ಬಿಗೂ ಅಂಥದೊಂದು ಜೀವಂತ ಪ್ರಮಾಣಪತ್ರ ಸಲ್ಲಿಸಲು ಅವಕಾಶ ಕೊಡಬೇಕೆಂದೂ, ಪರಿಶೀಲನೆಗೆ ತಾವೇ ಖುದ್ದಾಗಿ ಬಂದು ಫ್ಯಾನಿನ ಮುಂದೆ ಅಂಗೈ ಹಿಡಿದು ನೋಡಬೇಕೆಂದೂ, ಹಾಗೆ ಬಂದಾಗ, ತಮ್ಮ ಕೈಪಿಡಿಯಲ್ಲಿ ಹೇಳಿರುವ ಧೂಳಿಲ್ಲದ ಜಾಗವನ್ನು ಬ್ಯಾಡಗಿಯಲ್ಲಿ ಹುಡುಕಿಕೊಟ್ಟೇ ಹೋಗಬೇಕೆಂದೂ ಕೋರುತ್ತೇನೆ.

ಹೊಸ ತಂತ್ರಾಂಶ ಹಾಕುವಾಗ ಕರೆಂಟು ಹೋದರೆ ಡಬ್ಬಿ ಮತ್ತೆ ಏಳದು, ಅಕ್ಕೋರ ಧ್ವನಿಯೂ ಅದರೊಂದಿಗೆ ಹೋಗುತ್ತದೆ. ಇದನ್ನು ಅಕ್ಕೋರಿಗೆ ತಿಳಿಸಿಯೇ ಒಪ್ಪಿಗೆ ಕೇಳಿದೆವು. ಅವರು ಪಾಟಿಯ ಮೇಲೆ, 'ಮುಚ್ಚಿಟ್ಟ ಪಾಠ ಯಾರಿಗೆ ಬೇಕಾಗೇತಿ? ಹಚ್ರಿ' ಎಂದು ಬರೆದರು. ಹೊನ್ನವ್ವನವರು ಅಂಗಡಿಯ ಇನ್ವರ್ಟರನ್ನು ಮೇಲಕ್ಕೆ ಕಳುಹಿಸಿದ್ದಾರೆ. ಆದ್ದರಿಂದ ತಮ್ಮ ಅಪ್ಪಣೆಗೆ ಕಾಯದೆ, ಈ ಸಭೆಯ ಅಪ್ಪಣೆ ಪಡೆದು ಹೇಳುತ್ತೇನೆ: ಭುವನಾ, ಆ ಸಾಲನ್ನು ತಿದ್ದು, ಹುಲಿಗೇಶ, ಇನ್ವರ್ಟರ್ ನೋಡಿಕೊ, ಉಳಿದವರು ತಂತಿ ತುಳಿಯದೆ ಕುಳಿತಿರಿ. ಕೆಲಸ ಶುರುವಾಗಲಿ.

ತಮ್ಮ ಪಟ್ಟಿಯಲ್ಲಿಲ್ಲದಿದ್ದರೂ ತಮ್ಮ ವಿಶ್ವಾಸಿ,
ಕರಬಸಪ್ಪ
ನಿವೃತ್ತ ಮುಖ್ಯೋಪಾಧ್ಯಾಯ, ಬ್ಯಾಡಗಿ

ತಾ.ಕ.: ಡಬ್ಬಿ ಎದ್ದಿತು. ಮೊದಲ ಪಾಠ ತೆರೆದೊಡನೆ ಅಕ್ಕೋರ ಧ್ವನಿ, "ಏ, ಕಿಟಕಿ ಕಡೆ ಏನ ನೋಡ್ತಿ? ಇಲ್ಲಿ ನೋಡು!" ಎಂದು ಗದರಿತು, ನಾನೂ ಸೇರಿದಂತೆ ಕೊಠಡಿಯೆಲ್ಲ ಕಿಟಕಿಯಿಂದ ಮುಖ ತಿರುಗಿಸಿತು, ಅಕ್ಕೋರು ಬಾಯಿಗೆ ಸೆರಗು ಹಿಡಿದು ನಕ್ಕರು. ಪಾಠಗಳ ಪ್ರತಿಗಳು ಈಗ ಮೂರು ಮನೆಗಳಲ್ಲಿವೆ. ಅಷ್ಟರಲ್ಲೇ, ಹೊಸ ಮಾದರಿ ಖರೀದಿಸಿದ ಜಾಣ್ಮೆಗಾಗಿ ನಮ್ಮನ್ನು ಅಭಿನಂದಿಸಿ, ಅದರ ಜನ್ಮದಿನಾಂಕ, ಅಂದರೆ ಕೊಂಡ ದಿನ, ಕೇಳಿದ ತಮ್ಮ ಮಿಂಚಂಚೆಯೂ ಬಂದಿತು. ಮಕ್ಕಳು ಜೂನ್ ಒಂದು ಎಂದು ತುಂಬಿದ್ದಾರೆ. ಇನ್ನು ಮೇಲೆ ಡಬ್ಬಿ ನಮ್ಮೂರಿನದೇ.