ನಮ್ಮ ಹಿತ್ತಲಿನ ಸಸ್ಯಾಹಾರಿ ನರಿ

ಮನುಷ್ಯನಿಗೆ ಹೆಮ್ಮೆ ಪಡಲು ಏನಾದರೊಂದು ಬೇಕೇ ಬೇಕು. ಕೆಲವರಿಗೆ ಮಕ್ಕಳ ಅಂಕಪಟ್ಟಿ, ಕೆಲವರಿಗೆ ಈ ವಯಸ್ಸಿನಲ್ಲೂ ಸಕ್ಕರೆ ಕಾಯಿಲೆ ಇಲ್ಲದಿರುವುದು. ನನ್ನ ಷಡ್ಡಕರಾದ ವಿರೂಪಾಕ್ಷಪ್ಪನವರಿಗೆ ನಂದಿನಿ ಲೇಔಟಿನ ತಮ್ಮ ಮೂರಂತಸ್ತಿನ ಮನೆಯ ಲಿಫ್ಟು. ಹೋದವರನ್ನು ಒಮ್ಮೆ ಮೇಲಕ್ಕೂ ಕೆಳಕ್ಕೂ ಕರೆದೊಯ್ದ ಮೇಲೆಯೇ ಅವರಲ್ಲಿ ಕಾಫಿ. ನನಗೆ ಐವತ್ತೆರಡು ವರ್ಷ ತುಂಬುವವರೆಗೂ ಅಂಥದ್ದೇನೂ ಇರಲಿಲ್ಲ. ಈಗ ಇದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಮ್ಮ ಮನೆಗೆ ನರಿ ಬರುತ್ತದೆ.

ಬ್ಯಾಡರಹಳ್ಳಿಯ ಆಚೆ ನಾನು ಮನೆ ಕಟ್ಟಿದಾಗ ಗೃಹಪ್ರವೇಶಕ್ಕೆ ಬಂದಿದ್ದ ಷಡ್ಡಕರು ಹೋಳಿಗೆ ಮುಗಿಸಿ ಕೈ ತೊಳೆಯುತ್ತ, "ಊಟ ಚೆನ್ನಾಗಿತ್ತು ಕಣಪ್ಪಾ. ಕತ್ತಲಾಗೋ ಮುಂಚೆ ಹೊರಡ್ತೀವಿ. ನರಿ ಗಿರಿ ಬಂದ್ರೆ ಕಷ್ಟ" ಎಂದಿದ್ದರು. ನೆಂಟರೆಲ್ಲ ನಕ್ಕರು. ಅಂದಿನಿಂದ ಯಾರೇ ಬರಲಿ, ನಮ್ಮ ಕಡೆಯೂ ದರ್ಶಿನಿ ಇದೆ, ಮೆಡಿಕಲ್ ಸ್ಟೋರ್ ಇದೆ, ಮೊನ್ನೆ ಎರಡನೇ ಜಿಮ್ಮೂ ಬಂತು ಎಂದು ವಾದಿಸುವುದೇ ನನ್ನ ಕೆಲಸವಾಗಿತ್ತು. ಆದರೆ ನಮ್ಮ ಕಾಂಪೌಂಡಿನ ಹಿಂದೆ ಮನೆಗಳಾಗದೆ ಉಳಿದ ಸೈಟುಗಳ ಸಾಲಿದೆ, ಆಳೆತ್ತರದ ಲಂಟಾನ ಪೊದೆ. ಒಂದು ಬೆಳಿಗ್ಗೆ ಅಲ್ಲಿಂದಲೇ ಅದು ಬಂತು. ಮೊದಲು ಕಂಡದ್ದು ನನ್ನ ಹೆಂಡತಿ ಶೈಲಾಗೆ.

"ರೀ, ಹಿತ್ತಲಲ್ಲಿ ಯಾವುದೋ ನಾಯಿಮರಿ ನೋಡ್ರೀ. ಬಾಲ ಮಾತ್ರ ಅಣ್ಣಂದು ಹಾಕ್ಕೊಂಡು ಬಂದಂಗಿದೆ!"

ನೋಡಿದೆ. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಚೂಪು ಮೂತಿ, ಮೈಗೆ ಹೊಂದದಷ್ಟು ಅಗಲ ಕಿವಿ, ತುದಿ ಕಪ್ಪಾದ ಪೊದೆ ಬಾಲ. ಗುಳ್ಳೆನರಿ, ಇನ್ನೂ ಮರಿ. ಪರಂಗಿ ಮರದ ಕೆಳಗೆ ಉದುರಿದ್ದ ಹಣ್ಣನ್ನು ತಿಂದು, ಬಸಳೆ ಚಪ್ಪರದ ಪಕ್ಕದ ಬಕೆಟ್ಟಿನಲ್ಲಿ ನೀರು ಕುಡಿದು, ಮೋರಿ ಕಿಂಡಿಯಲ್ಲಿ ನುಸುಳಿ ಹೋಯಿತು. ಮಾರನೆಯ ದಿನವೂ ಬಂತು, ಅದೇ ಆರೂಕಾಲಕ್ಕೆ. ನರಿಯ ಮುಖ ನೋಡಿ ಎದ್ದರೆ ಅದೃಷ್ಟ ಎನ್ನುತ್ತಾರೆ. ನಾನು ದಿನವೂ ನೋಡಿದೆ. ಕಚೇರಿಯಲ್ಲಿ ಬಡ್ತಿಯೇನೂ ಬರಲಿಲ್ಲ. ಆದರೂ ಅಷ್ಟು ದೊಡ್ಡ ಬೆಂಗಳೂರನ್ನು ಬಿಟ್ಟು ಅದು ನನ್ನ ಹಿತ್ತಲನ್ನೇ ಹುಡುಕಿಕೊಂಡು ಬಂದಿತಲ್ಲ ಎಂದು ಎದೆ ಉಬ್ಬಿತು. ಅಷ್ಟು ವರ್ಷ ಯಾವ ಮಾತನ್ನು ಅವಮಾನವೆಂದು ತಳ್ಳಿಹಾಕುತ್ತ ಬಂದಿದ್ದೆನೋ ಅದನ್ನೇ ಈಗ ಹಾಲಿನವನಿಗೂ ಕರೆದು ಹೇಳತೊಡಗಿದೆ.

ಹೆಮ್ಮೆಗೆ ಒಂದು ಕೆಟ್ಟ ಚಾಳಿ ಇದೆ, ಇದ್ದಷ್ಟಕ್ಕೆ ಸುಮ್ಮನಿರುವುದಿಲ್ಲ. ನಮ್ಮದು ವಿಭೂತಿ ಹಚ್ಚಿ ಪೂಜೆ ಮಾಡದೆ ಕಾಫಿ ಕುಡಿಯದ ಮನೆ, ಮೊಟ್ಟೆಗೂ ಪ್ರವೇಶವಿಲ್ಲ. ಮರಿ ಒಂದು ತಿಂಗಳಿಂದ ಪರಂಗಿ, ಸೀಬೆ ಬಿಟ್ಟು ಬೇರೇನೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಹಾಗಾಗಿ ನೆಂಟರ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಹಾಕಿ, "ಶುದ್ಧ ಸಸ್ಯಾಹಾರಿ. ಸೋಮವಾರ ಬರೀ ನೀರು ಕುಡಿದು ಹೋಗುತ್ತದೆ" ಎಂದು ಬರೆದೇಬಿಟ್ಟೆ. ಒಂದು ಸೋಮವಾರ ಹಾಗಾಗಿದ್ದು ನಿಜ. ಆ ದಿನ ಹಣ್ಣು ಉದುರಿರಲಿಲ್ಲ. ಷಡ್ಡಕರಿಂದ ಉತ್ತರ ಬಂತು: "ಬೀದಿನಾಯಿ ಥರ ಕಾಣ್ತಿದೆಯಲ್ಲಪ್ಪಾ."

ಮೈ ಉರಿಯಿತು. ತಕ್ಷಣ ಫೋನು ಮಾಡಿ, "ಶನಿವಾರ ಅಕ್ಕನ್ನೂ ಕರ್ಕೊಂಡು ಬಂದು ಉಳ್ಕೊಳಿ. ಭಾನುವಾರ ಬೆಳಿಗ್ಗೆ ನೀವೇ ಕಣ್ಣಾರೆ ನೋಡಿ" ಎಂದೆ. ಶೈಲಾ, "ನರಿನ ನಂಬ್ಕೊಂಡು ಯಾರಾದ್ರೂ ನೆಂಟರನ್ನ ಕರೀತಾರೇನ್ರೀ?" ಎಂದಳು. ಅದು ಬಾರದಿದ್ದರೆ ಇನ್ನು ನಾನು ನೆಂಟರ ಮದುವೆ ಮುಂಜಿಗಳಲ್ಲಿ ತಲೆಯೆತ್ತುವಂತಿರಲಿಲ್ಲ.

ಭಾನುವಾರ ಆರಕ್ಕೇ ನಾವು ನಾಲ್ವರೂ ಅಡುಗೆಮನೆ ಕಿಟಕಿಗೆ ಮುಖ ಒತ್ತಿ ನಿಂತೆವು. ಆರೂಕಾಲಾಯಿತು, ಆರೂವರೆಯಾಯಿತು. ಷಡ್ಡಕರು ಆಕಳಿಸಿದರು. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸುತ್ತಿದ್ದೆ. ಅಷ್ಟರಲ್ಲಿ ಮೋರಿ ಕಿಂಡಿಯಲ್ಲಿ ಎರಡು ಕಿವಿ ಕಂಡವು.

"ಅಯ್ಯೋ, ನಿಜವಾಗ್ಲೂ ನರೀನೇ!" ಎಂದರು ಷಡ್ಡಕರು. ಆ ಒಂದು ಕ್ಷಣ ಸಾಕಿತ್ತು ನನಗೆ. ದೇವರು ಅಲ್ಲಿಗೇ ನಿಲ್ಲಿಸಬೇಕಿತ್ತು. ಮರಿ ಪೂರ್ತಿ ಒಳಗೆ ಬಂದಾಗ ಅದರ ಬಾಯಲ್ಲಿ ಅದರ ಅರ್ಧದಷ್ಟಿದ್ದ ಒಂದು ಹೆಗ್ಗಣ ಜೋತಾಡುತ್ತಿತ್ತು. ಪರಂಗಿ ಮರದ ಕೆಳಗೆ, ನಮಗೆ ಎದುರಾಗಿಯೇ ಕುಳಿತು ಊಟಕ್ಕೆ ಶುರುಮಾಡಿತು.

ಷಡ್ಡಕರು ಮೆಲ್ಲಗೆ, "ನಿಮ್ಮನೆ ಪರಂಗಿ ಹಣ್ಣಿಗೆ ಬಾಲ ಇದೆಯಲ್ಲಪ್ಪಾ" ಎಂದರು.

ನಾನು ಹೋಗಿ ಸ್ನಾನಕ್ಕೆ ನೀರು ಕಾಯಿಸಿದೆ. ಆದರೆ ವಿಚಿತ್ರ ನೋಡಿ, ಷಡ್ಡಕರು ಕಿಟಕಿ ಬಿಟ್ಟು ಕದಲಲಿಲ್ಲ. ಅದು ತಿಂದು, ಮೂತಿ ನೆಕ್ಕಿ, ನೀರು ಕುಡಿದು ಹೋಗುವವರೆಗೂ ವಿಡಿಯೋ ಮಾಡಿಕೊಂಡರು. "ನಮ್ಮನೆ ನರಿ ಬೇಟೆ" ಎಂದು ಗುಂಪಿಗೆ ಕಳಿಸಿದರು. ಲಿಫ್ಟಿನ ಧಣಿ ನಮ್ಮ ಹಿತ್ತಲನ್ನು "ನಮ್ಮನೆ" ಎಂದದ್ದು ಓದಿ ಅವಮಾನ ಅರ್ಧ ಇಳಿಯಿತು. ಗೆಣಸಿನ ಮಡಿಯನ್ನು ವರ್ಷಗಟ್ಟಲೆ ತೋಡಿ ಹಾಳುಮಾಡಿದ್ದ ಹೆಗ್ಗಣವನ್ನು ಅಷ್ಟು ಸಣ್ಣ ಮರಿ ಒಂಟಿಯಾಗಿ ಹಿಡಿದಿತ್ತಲ್ಲ ಎಂದು ನೆನೆದಾಗ ಉಳಿದರ್ಧವೂ ಇಳಿಯಿತು. ಹೆಮ್ಮೆ ಮೊದಲಿಗಿಂತ ಹೆಚ್ಚೇ ಆಯಿತು. ಸಸ್ಯಾಹಾರದ ಸುಳ್ಳು ಕಟ್ಟಿದ್ದು ನಾನು, ಅದಲ್ಲ.

ಮಾರನೆಯ ದಿನ ಕಚೇರಿಯಿಂದ ಬರುವಾಗ ವಿಜಯನಗರದ ಬೇಕರಿ ಮುಂದೆ ಎಂದಿನಂತೆ ಸ್ಕೂಟರ್ ನಿಲ್ಲಿಸಿದೆ. ನಿಮಗೆ ಮಾತ್ರ ಹೇಳುತ್ತೇನೆ, ಹದಿನಾಲ್ಕು ವರ್ಷದಿಂದ ವಾರಕ್ಕೆರಡು ಸಲ ಅಲ್ಲಿ ಗೋಡೆ ಕಡೆ ಮುಖ ಮಾಡಿ ಎಗ್ ಪಫ್ ತಿನ್ನುತ್ತೇನೆ. ಮೇಲೊಂದು ಏಲಕ್ಕಿ ಬಾಯಿಗೆ ಹಾಕಿಕೊಂಡರೆ ಶಿವನಿಗೂ ಗೊತ್ತಾಗುವುದಿಲ್ಲ.

ಮನೆಗೆ ಬಂದು, "ಆ ಮರಿ ಹಿಂಗೆ ಮಾಡಬಹುದು ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ಕಣೇ" ಎಂದೆ.

"ಅದನ್ನ ಏನೂ ಅನ್ಬೇಡಿ" ಎಂದಳು ಶೈಲಾ. "ಮನೇಲಿ ಹಣ್ಣು ತಿಂದು, ಹೊರಗಡೆ ಬೇರೆ ತಿಂದು ಬಾಯಿ ಒರೆಸ್ಕೊಂಡು ಬರೋರು ಎಷ್ಟು ಜನ ಇಲ್ಲ? ಅದು ಪಾಪ, ತಂದು ಎದುರಿಗೇ ಕೂತ್ಕೊಂಡು ತಿಂತು." ಹಾಗೆನ್ನುತ್ತಲೇ ಹತ್ತಿರ ಬಂದು ನನ್ನ ಅಂಗಿಯ ಮೇಲಿದ್ದ ಪಫ್ಫಿನ ಚೂರುಗಳನ್ನು ಒಂದೊಂದಾಗಿ ಕೊಡವಿದಳು. ನಾನು ಗಿಡಗಳಿಗೆ ನೀರು ಹಾಕಲು ಹಿತ್ತಲಿಗೆ ಹೋದೆ.