ಐದು ಡಬ್ಬಿ, ಒಂದು ಅಕಾರಾದಿ

ಸತ್ತವರ ಸಾಮಾನನ್ನು ಬದುಕಿರುವವರು ಅಚ್ಚುಕಟ್ಟು ಮಾಡಬಾರದು ಎಂದು ಯಾರಾದರೂ ಕಾನೂನು ತರಬೇಕಿತ್ತು. ತಂದಿದ್ದರೆ ನಾನು ಹೋದ ಭಾನುವಾರ ನನ್ನ ಮನೆಯಲ್ಲೇ ಅಪರಾಧಿಯಂತೆ ಕುರ್ಚಿಯ ತುದಿಯಲ್ಲಿ ಕೂತು ಕಾಫಿ ಕುಡಿಯಬೇಕಾಗುತ್ತಿರಲಿಲ್ಲ. (ಕಾಫಿಯೂ ಎರಡು ಸಲ ಕೇಳಿದ ಮೇಲೆ ಬಂದದ್ದು.)

ನನ್ನ ಗೆಳೆಯ ಗಡಿಯಾರ ರಿಪೇರಿಯವನು. ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವನು ರಸ್ತೆಯಲ್ಲೇ ಉಳಿಯಬೇಕಾದಂಥ ಅಂಗಡಿ. ಅವನಿಗೊಂದು ಹುಚ್ಚಿತ್ತು. ಒಂದರ ಮುಖ ಒಂದು ನೋಡಿರದ ಭಾಷೆಗಳಲ್ಲಿ ಒಂದೇ ಮಾತು ಬೇರೆ ಬೇರೆ ಅರ್ಥ ಇಟ್ಟುಕೊಂಡು ಬದುಕುತ್ತಿರುತ್ತದಲ್ಲ, ಅವುಗಳನ್ನು ಹಿಡಿಯುವ ಹುಚ್ಚು. ನಮಗೆ ಮಾಮ ಅಂದರೆ ಅಮ್ಮನ ಒಡಹುಟ್ಟಿದವನು, ಜಾರ್ಜಿಯಾದವರಿಗೆ ಹೆತ್ತ ಅಪ್ಪ. ಬಾಬಾ ತುರ್ಕಿಯಲ್ಲಿ ಅಪ್ಪ, ಬಲ್ಗೇರಿಯಾದಲ್ಲಿ ಅಜ್ಜಿ. ಆನೆಯನ್ನು ಕೊಂಚ ಮೊಟಕು ಮಾಡಿ 'ಅನೆ' ಎಂದು ಕರೆದರೆ ಜಪಾನಿನಲ್ಲಿ ಅಕ್ಕ ಬರುತ್ತಾಳೆ. (ಇದನ್ನು ನನ್ನ ನಾದಿನಿಯ ಎದುರು ಹೇಳಿ ನಾನು ಒಂದು ವಾರ ಹೆಂಡತಿಯ ಮೌನವ್ರತಕ್ಕೆ ಪಾತ್ರನಾಗಿದ್ದೆ.) ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಮುಳ್ಳು ಹಿಡಿದುಕೊಂಡೇ ಬಂದವರನ್ನು ಕೇಳುತ್ತಿದ್ದ. ಸಿಕ್ಕಿದ್ದನ್ನು ರಿಪೇರಿಯ ಗಡಿಯಾರಕ್ಕೆ ದಾರದಲ್ಲಿ ಕಟ್ಟುವ ಚೀಟಿಯ ಮೇಲೆ ಬರೆದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ. ಇಪ್ಪತ್ತೆರಡು ವರ್ಷ, ಐದು ಡಬ್ಬಿ.

ಎರಡು ತಿಂಗಳ ಹಿಂದೆ ಅವನು ಹೋದ. ಶನಿವಾರ ಸಂಜೆಯಾದರೆ ನನ್ನ ಕಾಲು ಈಗಲೂ ಆ ರಸ್ತೆಗೆ ತಾನಾಗಿ ತಿರುಗುತ್ತದೆ. ಅಲ್ಲಿ ಈಗ ಮೊಬೈಲಿಗೆ ಗಾಜು ಹಾಕುತ್ತಾರೆ.

ಅಂಗಡಿ ಖಾಲಿ ಮಾಡುವ ದಿನ ಅತ್ತಿಗೆ, ಅಂದರೆ ಅವನ ಹೆಂಡತಿ, ಐದೂ ಡಬ್ಬಿಗಳನ್ನು ನನ್ನ ಕೈಗಿಟ್ಟು, "ಮನೇಲಿ ಸುಣ್ಣಬಣ್ಣ ನಡೀತಿದೆ. ಮೂರು ವಾರ ಜೋಪಾನವಾಗಿ ಇಟ್ಕೊಳ್ಳಪ್ಪ. ಅವರದು ಅಂತ ಉಳಿದಿರೋದು ಇಷ್ಟೇ" ಅಂದರು.

ಬೇರೆ ಯಾರಾದರೂ ಆಗಿದ್ದರೆ ಅಟ್ಟಕ್ಕೆ ಹಾಕಿ ಸುಮ್ಮನಿರುತ್ತಿದ್ದರು. ನಾನು ಮೂವತ್ತೊಂದು ವರ್ಷ ಲೈಬ್ರರಿಯಲ್ಲಿ ಕಾರ್ಡು ಜೋಡಿಸಿದವನು. ನಮ್ಮ ಅಡುಗೆಮನೆಯ ಡಬ್ಬಿಗಳೂ ಅಕಾರಾದಿಯಲ್ಲೇ ನಿಂತಿವೆ. (ಸೋಡಾಪುಡಿಯ ಪಕ್ಕಕ್ಕೇ ಸೋಪಿನಪುಡಿ ಬರುತ್ತದೆ. ಆ ಒಂದು ಕೇಕಿನ ವಿಷಯ ಬೇಡ.) ಗೆಳೆಯನ ಡಬ್ಬಿಗಳನ್ನು ತೆರೆದು ನೋಡಿದರೆ ಒಂದರಲ್ಲಿ ಮಾಮ, ಇನ್ನೊಂದರಲ್ಲಿ ಬಾಬಾ, ಮತ್ತೊಂದರ ತಳದಲ್ಲಿ ಆನೆ! ನನ್ನೊಳಗಿನ ಗ್ರಂಥಪಾಲಕ ಮಹಾಶಯ ಮೈಕೊಡವಿ ಎದ್ದು ನಿಂತ. ಎಲ್ಲವನ್ನೂ ಅಕಾರಾದಿಯಲ್ಲಿ ಜೋಡಿಸಿಡೋಣ, ಗೆಳೆಯನಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಯಾವುದಿದೆ?

"ಬೇಡ ರೀ," ಅಂದಳು ಹೆಂಡತಿ. "ಅವರು ಹೇಗಿಟ್ಟಿದ್ರೋ ಹಾಗೇ ಇರ್ಲಿ."

"ಇದನ್ನ ಇಟ್ಟಿರೋದು ಅಂತಾರಾ? ಸುರಿದಿರೋದು ಅಂತಾರೆ. ನೀನು ಡಬ್ಬಿಗಳನ್ನ ಬಿಸಿನೀರಲ್ಲಿ ತೊಳೆದುಬಿಡು, ಮುಚ್ಚಳದ ಮೇಲೆ ಏನೇನೋ ಅಂಟಿಸಿದಾನೆ."

"ಏನೋ ಬರ್ದಿದೆ ಕಣ್ರೀ. ಹಡಗು, ಸೂಜಿ, ಬಸ್ಸು..."

"ಬಿಸ್ಕತ್ತಿನ ಕಂಪನಿ ಹೆಸರಿರಬೇಕು. ತೊಳಿ."

ಹದಿನೆಂಟು ದಿನ ದುಡಿದೆ. ಊಟದ ಮೇಜು, ಸೋಫಾ, ಇಸ್ತ್ರಿ ಮೇಜು ಎಲ್ಲವೂ ನನ್ನ ಸಾಮ್ರಾಜ್ಯ. ನಿಂತುಕೊಂಡೇ ಊಟ ಮಾಡಿದೆವು. ಫ್ಯಾನು ಹಾಕುವಂತಿರಲಿಲ್ಲ. ಆರುನೂರ ಎಂಬತ್ತು ಚೀಟಿ, ಅಕಾರದಿಂದ ಹಿಡಿದು ಹಕಾರದ ತನಕ, ಸೈನಿಕರಂತೆ ನಿಂತವು. ಕೆಲವನ್ನು ಓದಿದಾಗ 'ಇದಂತೂ ನನಗೆ ಗೊತ್ತಿದ್ದದ್ದೇ' ಎಂದು ಹೆಮ್ಮೆಯೂ ಆಯಿತು.

ಹತ್ತೊಂಬತ್ತನೆಯ ದಿನ ಅತ್ತಿಗೆಯ ಫೋನು.

"ಈ ಭಾನುವಾರ ನಿಮ್ಮನೆಗೆ ಬರ್ತೀವಪ್ಪ. ಅಂಗಡಿಗೆ ಬರ್ತಿದ್ದ ಹಡಗಿನವರನ್ನೂ ನರ್ಸಮ್ಮನ್ನೂ ಬಸ್ಸು ಓಡಿಸ್ತಾಳಲ್ಲ ಆ ಅಕ್ಕನ್ನೂ ಕರ್ಕೊಂಡು. ಅವರವರ ಡಬ್ಬಿ ಅವರವರಿಗೆ ಕೊಟ್ಬಿಡೋಣ ಅಂತ."

"ಅವರವರ ಡಬ್ಬಿ?"

"ಯಾರು ಹೇಳಿದ ಮಾತೋ ಅವರ ಡಬ್ಬಿಗೆ ಹಾಕ್ತಿದ್ರಲ್ಲ ಇವರು. ಮುಚ್ಚಳದ ಮೇಲೆ ಬರ್ದಿದೆ ನೋಡು. ನಂದು 'ಮನೆ' ಅಂತ. ಅದನ್ನೊಂದು ಸಲ ಓದ್ಬೇಕು ಅನ್ನಿಸ್ತಿದೆ."

ನಾನು ಫೋನಿಟ್ಟು ಅಡುಗೆಮನೆಗೆ ಹೋದೆ. ಐದು ಡಬ್ಬಿಗಳೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಐದರಲ್ಲೂ ನನ್ನ ಮುಖವೇ ಕಂಡಿತು, ಒಂದೊಂದರಲ್ಲೂ ಒಂದೊಂದು ಥರ ಪೆಚ್ಚಾಗಿ. ಒಬ್ಬ ಮನುಷ್ಯ ಇಪ್ಪತ್ತೆರಡು ವರ್ಷ ಯಾರ ಜೊತೆ ಏನು ಮಾತಾಡಿದ ಎಂಬ ಲೆಕ್ಕವನ್ನು ನಾನು ಹದಿನೆಂಟು ದಿನದಲ್ಲಿ ಅಳಿಸಿಹಾಕಿದ್ದೆ, ಅದೂ ಶ್ರದ್ಧೆಯಿಂದ.

"ನಾನು ಹೇಳ್ಲಿಲ್ವಾ?" ಅಂದಳು ಹೆಂಡತಿ. ಆಮೇಲೆ ನನ್ನ ಮುಖ ನೋಡಿ ಕೂರಲು ಕುರ್ಚಿ ಎಳೆದುಕೊಟ್ಟಳು. ಅದು ಇನ್ನೂ ಕಷ್ಟವಾಯಿತು.

ಭಾನುವಾರ ನಾಲ್ವರೂ ಬಂದರು. ತಪ್ಪೊಪ್ಪಿಗೆಗೆ ನಾನು ತಯಾರು ಮಾಡಿಕೊಂಡಿದ್ದ ಭಾಷಣ ಮರೆತೇ ಹೋಯಿತು. "ಅತ್ತಿಗೆ, ಎಲ್ಲಾ ಕಲಸಿಬಿಟ್ಟೆ" ಅಂದೆ. ಅತ್ತಿಗೆ ಮೇಜಿನ ಮೇಲಿನ ಸಾಲುಗಳ ಹತ್ತಿರ ಬಗ್ಗಿದರು. ಒಂದು ಚೀಟಿ ಎತ್ತಿ ಸವರಿ ಮತ್ತೆ ಇಟ್ಟರು.

"ಕಲಸಿಲ್ಲಪ್ಪ. ಪಾಪ, ಚೆನ್ನಾಗಿ ಜೋಡಿಸಿದೀಯ. ಅದೇ ತೊಂದರೆ."

ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದ ಮುದುಕರು ನೆಲದ ಮೇಲೆ ಚಕ್ಕಳಮಕ್ಕಳ ಕೂತೇಬಿಟ್ಟರು. "ಅವರವರು ಹೇಳಿದ್ದು ಅವರವರಿಗೆ ನೆನಪಿರಲ್ವೇನ್ರೀ? ಹೆಕ್ಕೋಣ ಬನ್ನಿ."

ಹೆಕ್ಕತೊಡಗಿದರು. "ಕಾಕಾ! ನಂದು ಇದು. ಸ್ಪ್ಯಾನಿಷ್‌ನೋರಿಗೆ ಮಕ್ಕಳು ಚಡ್ಡೀಲಿ ಮಾಡ್ಕೊಳ್ಳೋದು. ಕೇಳಿದ್ದೇ ನಕ್ಕೂ ನಕ್ಕೂ ಸ್ಪ್ರಿಂಗು ಹಾರಿಸಿಬಿಟ್ರು. ಅರ್ಧ ಗಂಟೆ ನೆಲದ ಮೇಲೆ ಹುಡುಕಿದ್ವಿ," ಅಂದರು ಹಡಗಿನವರು. ನರ್ಸಮ್ಮ ತಮ್ಮ ರೋಗಿಯೊಬ್ಬ ಜ್ವರದಲ್ಲಿ ಬಾಬಾ ಬಾಬಾ ಎಂದು ಅಪ್ಪನನ್ನು ಕರೆದದ್ದನ್ನು ಹೇಳಿದರು. ಬಸ್ಸಿನ ಅಕ್ಕನಿಗೂ ಹಡಗಿನವರಿಗೂ 'ಮಾಮ' ಯಾರದೆಂದು ಸಣ್ಣ ಯುದ್ಧವೇ ಆಯಿತು. ಅತ್ತಿಗೆ ತಮ್ಮವನ್ನು ಯಾರಿಗೂ ಓದಿ ಹೇಳಲಿಲ್ಲ. ಒಂದೊಂದಾಗಿ ಮಡಿಲಿಗೆ ಹಾಕಿಕೊಂಡರು. ಅವರ ಡಬ್ಬಿ ತುಂಬಿದಾಗ ನನಗೆ ಮೂರು ದಿನದ ಮೇಲೆ ಉಸಿರು ಬಂತು.

ಕೊನೆಗೆ ಯಾರದೂ ಅಲ್ಲದ ಒಂದು ರಾಶಿ ಉಳಿಯಿತು.

ನರ್ಸಮ್ಮ ಒಂದು ಎತ್ತಿದರು. "ಅನ್ನೆ: ತುರ್ಕಿಯಲ್ಲಿ ಅನ್ನ. ಅಯ್ಯೋ, ಅನ್ನೆ ಅಂದ್ರೆ ಅವರಿಗೆ ಅಮ್ಮ!"

"ನೇ: ಗ್ರೀಕಿನಲ್ಲಿ 'ಇಲ್ಲ' ಅಂತ," ಓದಿದರು ಹಡಗಿನವರು. "ಯಾವನ್ರೀ ಹೇಳಿದ್ದು? 'ನೇ' ಅಂದ್ರೆ ಹೌದು! ಆ ಬಂದರಲ್ಲಿ ಎರಡು ವರ್ಷ ಇದ್ದವನು ನಾನು."

ನನ್ನ ಕಿವಿ ಬಿಸಿಯಾಗತೊಡಗಿತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ರೀ, ಇದೆಲ್ಲ ನೀವು ಊಟದ ಹೊತ್ತಲ್ಲಿ ಹೇಳೋದೇ ಅಲ್ವಾ?"

ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದರು. "ಐದನೇ ಡಬ್ಬಿ ಮೇಲೆ 'ಶನಿವಾರ' ಅಂತ ಬರ್ದಿತ್ತಪ್ಪ. ಅದು ನಿಂದು."

ಚೀಟಿ ತಿರುಗಿಸಿ ನೋಡಿದೆವು. ಕೈಗೆ ಸಿಕ್ಕ ಪ್ರತಿಯೊಂದರ ಹಿಂದೆಯೂ ಪೆನ್ಸಿಲಿನಲ್ಲಿ, ಗಡಿಯಾರದವರ ಇರುವೆ ಅಕ್ಷರದಲ್ಲಿ, ಸರಿಯಾದ ಅರ್ಥ. ಹದಿನೆಂಟು ದಿನದಲ್ಲಿ ನಾನು ಒಂದನ್ನೂ ತಿರುಗಿಸಿರಲಿಲ್ಲ. (ಕಾರ್ಡು ಜೋಡಿಸುವವನಿಗೆ ಚೀಟಿಯ ಮೊದಲ ಪದ ಸಾಕು.)

"ಗೊತ್ತಿತ್ತಾ ಅವನಿಗೆ?" ಅಂದೆ. "ಮತ್ತೆ ಒಂದು ದಿನವೂ ಬಾಯಿಬಿಡಲಿಲ್ಲ?"

"ಶನಿವಾರ ರಾತ್ರಿ ಮನೆಗೆ ಬಂದು ಓದಿ ಓದಿ ನಗ್ತಿದ್ರು. ತಿದ್ದಬಾರದಾ ಅಂದ್ರೆ, 'ತಿದ್ದಿದ್ರೆ ಮುಂದಿನ ವಾರ ಅವನು ಬಾಯಿ ತೆರೆಯಲ್ಲ ಕಣೇ' ಅಂತಿದ್ರು."

ಹೆಂಡತಿ ಆ ರಾಶಿಯನ್ನು ಎಣಿಸಿದಳು. "ನೂರ ನಲವತ್ತನಾಲ್ಕು. ಎಲ್ಲಾರಿಗಿಂತ ನಿಮ್ಮದೇ ಜಾಸ್ತಿ. ಇಷ್ಟು ತಪ್ಪು ಮಾಡೋಕೂ ಪಾಂಡಿತ್ಯ ಬೇಕು ರೀ."

"ಒಂದಾದ್ರೂ ಸರಿ ಇರ್ಬೇಕಲ್ಲ," ಎಂದು ನಾನೇ ಒಂದೊಂದನ್ನೂ ತಿರುಗಿಸುತ್ತ ಹೋದೆ. ಒಂದು ಸಿಕ್ಕಿತು! ಹಿಂದೆ ಖಾಲಿ. ಪೆನ್ಸಿಲಿನ ಗೀರೂ ಇಲ್ಲ. "ನೋಡಿ, ನೋಡಿ! ತಾತ: ಪೋಲೆಂಡಿನಲ್ಲೂ ತಾತನೇ. ಇದು ಸರಿ ಇದೆ!"

ಅತ್ತಿಗೆ ಚೀಟಿ ತೆಗೆದುಕೊಂಡು ನೋಡಿದರು. ಅಷ್ಟು ಹೊತ್ತು ನಗುತ್ತಿದ್ದವರು ಮೆಲ್ಲಗೆ ಅಂದರು: "ಇದು ಆ ಕೊನೇ ಶನಿವಾರದ್ದಪ್ಪ. ಸರಿನಾ ತಪ್ಪಾ ಅಂತ ನೋಡೋಕೆ ಅವರಿಗೆ ಆಗ್ಲಿಲ್ಲ."

ಮರುದಿನ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದ ಲೈಬ್ರರಿಗೆ ಹೋಗಿ ಪೋಲಿಷ್ ನಿಘಂಟು ತೆಗೆಸಿದೆ. ತಪ್ಪು. ಅಲ್ಲಿ ತಾತ ಅಂದರೆ ಅಪ್ಪ.

ಪೆನ್ಸಿಲು ಚೂಪು ಮಾಡಿ ಹಿಂದುಗಡೆ ಬರೆದೆ. ಅಕ್ಷರ ಅವನಷ್ಟು ಸಣ್ಣಗೆ ಬರಲಿಲ್ಲ.