ನಿದ್ದೆಗಣ್ಣಿನ ತಟ್ಟೆಗಳು

ಕುಂಬಾರರ ಊರು ರಿಷ್ತಾನಿನಲ್ಲಿ ಮಣ್ಣಿನ ತಟ್ಟೆಗೆ ಚಿತ್ರ ಬರೆಯುವ ಮದಮಿನ್ ಕೂತಲ್ಲೇ ತೂಕಡಿಸಿದ್ದೇ ಅಷ್ಟೂ ಅವಾಂತರಕ್ಕೆ ಮೂಲ. ವಸಂತದ ಹೊಸವರ್ಷದ ನವ್ರೂಜ್ ಹಬ್ಬ ಮುಗಿದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವುದೊಂದೇ ಕೆಲಸ. ಹಾಗಾಗಿ ವರ್ಷದ ರೊಟ್ಟಿಯನ್ನೆಲ್ಲ ಹಬ್ಬದ ಮೊದಲೇ ದುಡಿದುಕೊಳ್ಳಬೇಕು. ಒಂದು ತಿಂಗಳಿಂದ ತಟ್ಟೆ ಸುಡುವ ಗೂಡಿನ ಬೆಂಕಿಯೂ ಆರಿರಲಿಲ್ಲ, ಅವನೂ ಮಲಗಿರಲಿಲ್ಲ.

ಅವತ್ತು ಬೆಳಿಗ್ಗೆ ದಾಳಿಂಬೆ ಬರೆಯುತ್ತಿದ್ದವನ ಕಣ್ಣು ಮುಚ್ಚಿತು. ಕುಂಚ ಮಾತ್ರ ನಡೆಯುತ್ತಲೇ ಇತ್ತು. ಎಚ್ಚರವಾದಾಗ ತಟ್ಟೆಯ ತುಂಬ ನೀಲಿ ಗೆರೆ, ಕುಡಿದ ಎರೆಹುಳು ಮನೆ ಹುಡುಕಿಕೊಂಡು ಹೊರಟ ಹಾಗೆ. ಎದುರಿಗೆ ತಾಷ್ಕೆಂಟಿನ ದೊಡ್ಡ ಅಂಗಡಿಯ ಒಡತಿ ಶೋಹಿಸ್ತಾ ನಿಂತಿದ್ದಳು.

"ಇದನ್ನ ನಿದ್ದೇಲಿ ಬರೆದ್ರಾ?"

"ತಪ್ಪಾಯ್ತಮ್ಮ, ಅಳಿಸ್ಬಿಡ್ತೀನಿ."

"ಮುಟ್ಟಿದ್ರೆ ನೋಡಿ! ಏನ್ ಜೀವ ಇದೆ ಇದ್ರಲ್ಲಿ! ಹಬ್ಬಕ್ಕೆ ನಂಗೆ ಒಂದು ಲಾರಿ ಇಂಥದ್ದೇ ಬೇಕು. ಸಂಜೆ ಬಂದು ಇನ್ನೊಂದು ಮಾದರಿ ನೋಡ್ತೀನಿ. ಆದ್ರೆ ನಿಜವಾದ ನಿದ್ದೇನೇ ಆಗಿರ್ಬೇಕು!"

ಹೆಂಡತಿ ಓಯ್ನಿಸಾ ಓಡಿಬಂದು ಪರದೆ ಎಳೆದಳು, ಬೆನ್ನಿಗೆ ದಿಂಬು ಕೊಟ್ಟಳು. "ಮಲ್ಕೊಂಡು ದುಡೀರಿ. ಇಂಥ ಕೆಲ್ಸ ನಮ್ಮಪ್ಪಂಗೂ ಸಿಕ್ಕಿರ್ಲಿಲ್ಲ."

ಆದರೆ ಇಷ್ಟು ದಿನ ಕರೆಯದೇ ಮೈಮೇಲೆ ಬೀಳುತ್ತಿದ್ದ ನಿದ್ದೆ, ಕರೆದ ಕೂಡಲೇ ಹೊಸ ಅಳಿಯನ ಹಾಗೆ ಬಿಗುಮಾನ ಮಾಡಿತು. ಮದಮಿನ್ ಕುಂಚ ಹಿಡಿದು ಗೂಬೆಯಂತೆ ಕೂತ.

ಸುದ್ದಿ ಕೇಳಿ ಬೀದಿಯೇ ನೆರವಿಗೆ ಬಂತು. ರೊಟ್ಟಿ ಸುಡುವ ಹಲೀಮಾ ಪಲಾವ್ ತಂದಳು. "ಕುರಿ ಬಾಲದ ಕೊಬ್ಬು ಸುರಿದಿದೀನಿ, ತಿಂದ್ರೆ ಒಂಟೆಯೂ ಉರುಳ್ಬೇಕು." ಮದಮಿನನಿಗೆ ತೇಗು ಬಂತು, ನಿದ್ದೆ ಬರಲಿಲ್ಲ. ಕ್ಷೌರಿಕ ತಲೆ ತಟ್ಟಿದ, ಕತ್ತು ಉಳುಕಿತು. ಹೆಂಗಸರು ಜೋಗುಳ ಶುರುಮಾಡಿ, ಯಾರ ಜೋಗುಳ ಒಳ್ಳೆಯದು ಅಂತ ಜಡೆ ಹಿಡಿದು ಜಗಳಕ್ಕೆ ನಿಂತರು.

ಕೊನೆಗೆ ಓಯ್ನಿಸಾ ನಿವೃತ್ತ ಮೇಷ್ಟ್ರು ಸೋತಿವೋಲ್ದಿಯವರನ್ನೇ ಕರೆತಂದಳು. ಕಾಲುವೆಗಳ ಇತಿಹಾಸ ಹೇಳಿಯೇ ಅವರು ಊರಿನ ಮಕ್ಕಳನ್ನೆಲ್ಲ ಮಲಗಿಸಿದವರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಹಲೀಮಾ ಪಲಾವಿನ ಪಾತ್ರೆಗೆ ಒರಗಿದಳು. ಕ್ಷೌರಿಕ ಬಾಗಿಲಿಗೆ ಜೋತುಬಿದ್ದ. ಜಗಳವಾಡುತ್ತಿದ್ದವರು ಜಡೆ ಬಿಡದೆ ಹಾಗೇ ಗೊರಕೆ ಹೊಡೆದರು.

ಮದಮಿನನ ಕಣ್ಣು ಮಾತ್ರ ಇನ್ನಷ್ಟು ಅಗಲವಾಯಿತು. "ಆಮೇಲೆ? ಆಮೇಲೇನಾಯ್ತು ಮೇಷ್ಟ್ರೇ?"

ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬಂತು. ಜೀವಮಾನದಲ್ಲಿ ಯಾರೂ ಅವರಿಗೆ ಆ ಪ್ರಶ್ನೆ ಕೇಳಿರಲಿಲ್ಲ. "ಕೊಡಪ್ಪ ಇಲ್ಲಿ, ಬರೆದೇ ತೋರಿಸ್ತೀನಿ" ಅಂತ ಕುಂಚ ಕಿತ್ತುಕೊಂಡು ತಟ್ಟೆಯ ಮೇಲೆ ಕಾಲುವೆ ಎಳೆಯತೊಡಗಿದರು. ಎಳೆಯುತ್ತ, ವಿವರಿಸುತ್ತ, ತಮ್ಮ ಪಾಠಕ್ಕೆ ತಾವೇ ಬಲಿಯಾದರು. ಗೊರಕೆಯ ತಾಳಕ್ಕೆ ಕಾಲುವೆ ಬೆಟ್ಟ ಹತ್ತಿತು, ಇಳಿಯಿತು, ತನ್ನನ್ನೇ ಸುತ್ತಿಕೊಂಡಿತು.

ಅಷ್ಟರಲ್ಲಿ ಶೋಹಿಸ್ತಾ ಬಂದಳು. ತಟ್ಟೆ ನೋಡಿ ಎದೆ ಹಿಡಿದುಕೊಂಡಳು. "ಅಬ್ಬಾ! ನಿಮ್ಮದು ಬರೀ ತೂಕಡಿಕೆ ಕಣ್ರೀ ಮದಮಿನ್. ನಿದ್ದೆ ಅಂದ್ರೆ ಇದು! ಲಾರಿಯಷ್ಟೂ ಇವರೇ ಬರೀಲಿ. ಆದ್ರೆ ಹಬ್ಬದವರೆಗೂ ಇವರ ಕುಂಚದ ಕೆಳಗೆ ಹಗಲೂ ರಾತ್ರಿ ತಟ್ಟೆ ಇಡೋಕೆ ಒಬ್ಬರು ಬೇಕಲ್ಲ?"

"ನಮ್ಮನೆಯವರಿದಾರಲ್ಲ," ಅಂದಳು ಓಯ್ನಿಸಾ. "ಇವ್ರಿಗೆ ನಿದ್ದೇನೇ ಬರಲ್ಲ."

ಆ ಕ್ಷಣವೇ ಮದಮಿನನಿಗೆ ದವಡೆ ಕಳಚುವಂಥ ಆಕಳಿಕೆ ಬಂತು. ಓಯ್ನಿಸಾ ಮೊಣಕೈಯಿಂದ ತಿವಿದಳು.

"ಶ್! ಸದ್ದು ಮಾಡ್ಬೇಡಿ. ಕಲಾವಿದರು ಕೆಲಸದಲ್ಲಿದಾರೆ."